ಹಳ್ಳ ದಾಟುವ ಮೊದಲು

ಕಳಸದ ಸೀಮೆಯಲ್ಲಿ, ಟಾರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ದಾರಿಯಲ್ಲಿ ಒಂದು ಹಳ್ಳ, ಒಂದು ಮೋರಿ, ಹಲಸಿನ ಮರದ ಹತ್ತಿರ ಒಂದು ಇಕ್ಕಟ್ಟಿನ ತಿರುವು, ಆಮೇಲೆ ಕಡಿದಾದ ಏರು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಹೆಚ್ಚಾಯಿತು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು, ಟಾರು ರಸ್ತೆಯವರೆಗೆ. ಅಲ್ಲಿಯವರೆಗೆ ಅಮ್ಮನನ್ನು ಮುಟ್ಟಿಸಿದ್ದು ದೊಡ್ಡಪ್ಪನ ಹಳೆಯ ಎಂಎಂ 540 ಜೀಪು. ಈ ವರ್ಷ ನಮ್ಮದೇ ಒಂದು ಗಾಡಿ ಇರಲಿ ಎಂದುಕೊಂಡು, ಮೇ ತಿಂಗಳ ಕೊನೆಯ ಭಾನುವಾರ ಕಂಪನಿಗಳ ಕ್ಯಾಟಲಾಗು ಹಿಡಿದು ಅವರ ಶೆಡ್ಡಿಗೆ ಹೋದೆ. ಅವರು ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ಮಲಗಿದ್ದರು. ಕೈಯಲ್ಲಿ ಗ್ರೀಸ್ ಗನ್ನು.

ನಾನು: ದೊಡ್ಡಪ್ಪ, ಗಾಡಿ ತಗೊಳ್ಳೋದು ಅಂತ ತೀರ್ಮಾನ ಮಾಡಿದ್ದೀನಿ. ಥಾರಾ, ಜಿಮ್ನಿಯಾ, ಗೂರ್ಖಾನಾ, ನೀವೇ ಹೇಳಿ.

ದೊಡ್ಡಪ್ಪ: ಹೆಸರು ಆಮೇಲೆ. ನಿಮ್ಮ ಮನೆಯಿಂದ ಟಾರು ರಸ್ತೆವರೆಗೆ ಕೊನೇ ಸಲ ನಡ್ಕೊಂಡು ಬಂದಿದ್ದು ಯಾವಾಗ?

ನಾನು: ನಡೆದು ಬಂದು ಎಷ್ಟೋ ವರ್ಷ ಆಯ್ತು. ಸ್ಕೂಟರಲ್ಲೇ ಓಡಾಡ್ತೀನಲ್ಲ.

ದೊಡ್ಡಪ್ಪ: ಹಾಗಾದ್ರೆ ನಾಳೆ ಬೆಳಿಗ್ಗೆ ಒಂದು ಟೇಪು ಹಿಡ್ಕೊಂಡು ನಡಿ. ಗೇಟಿನ ಅಗಲ ಎಷ್ಟು, ಮೋರಿ ಮೇಲೆ ಚಕ್ರಕ್ಕೆ ಜಾಗ ಎಷ್ಟು, ದಾರಿ ಮಧ್ಯದ ದಿಬ್ಬ ಎಷ್ಟು ಎತ್ತರ, ಎಲ್ಲ ಅಳೆದು ಬರ್ಕೊ. ಹಲಸಿನ ಮರದ ತಿರುವು ಮುಖ್ಯ. ಉದ್ದದ ಗಾಡಿ ಅಲ್ಲಿ ಒಂದೇ ಸಲಕ್ಕೆ ತಿರುಗಲ್ಲ, ರಿವರ್ಸ್ ಹಾಕ್ಬೇಕು. ರಾತ್ರಿ ಮಳೇಲಿ, ಹಿಂದೆ ಧರೆ ಇರೋ ಜಾಗದಲ್ಲಿ ರಿವರ್ಸ್ ಹಾಕೋದು ಯಾರಿಗೂ ಬೇಡ. ಗಾಡಿ ಆರಿಸೋದು ಷೋರೂಮಲ್ಲಲ್ಲ ಮಾರಾಯ್ತಿ, ಆ ನಾಲ್ಕು ಕಿಲೋಮೀಟರಲ್ಲಿ.

ನಾನು: ಹಾಗಾದ್ರೆ ಚಿಕ್ಕದೇ ಒಳ್ಳೇದು.

ದೊಡ್ಡಪ್ಪ: ತಿರುವಿಗೆ ಚಿಕ್ಕದು ಒಳ್ಳೇದು. ನಿನ್ನ ಅಮ್ಮನಿಗೆ? ಹೋದ ವರ್ಷ ಅವಳನ್ನ ಹೇಗೆ ಕರ್ಕೊಂಡು ಹೋದ್ವಿ, ನೆನಪು ಮಾಡ್ಕೊ.

ನೆನಪಿತ್ತು. ಉಬ್ಬಸದವರಿಗೆ ಮಲಗಲು ಆಗುವುದಿಲ್ಲ, ಕೂರಿಸಿಯೇ ಒಯ್ಯಬೇಕು. ಅಮ್ಮ ಮುಂದಿನ ಸೀಟಿನಲ್ಲಿ ಡ್ಯಾಶ್‌ಬೋರ್ಡಿನ ಹಿಡಿಗೆ ಎರಡೂ ಕೈ ಕೊಟ್ಟು ಮುಂದಕ್ಕೆ ಬಾಗಿ ಕೂತಿದ್ದಳು. ನಾನು ಹಿಂದಿನಿಂದ ಅವಳ ಭುಜ ಹಿಡಿದಿದ್ದೆ.

ದೊಡ್ಡಪ್ಪ: ಅವಳು ಕೂರೋ ಹಾಗಿದ್ಲು, ಅದಕ್ಕೆ ಆಯ್ತು. ಮರದಿಂದ ಬಿದ್ದು ಬೆನ್ನು ಮುರ್ಕೊಂಡವನನ್ನ ಕೂರಿಸೋಕಾಗುತ್ತಾ? ಕರಿಮೆಣಸು ಕೊಯ್ಯೋ ಕಾಲದಲ್ಲಿ ಏಣಿಯಿಂದ ಬೀಳೋರು ಎಷ್ಟು ಜನ ಇದ್ದಾರೆ ಅಂತ ನಿನಗೇ ಗೊತ್ತು. ಮನುಷ್ಯನನ್ನ ಉದ್ದಕ್ಕೆ ಮಲಗಿಸೋಕೆ ಜಾಗ ಇದೆಯಾ ಅಂತ ನೋಡು. ಮೂರು ಬಾಗಿಲಿನ ಥಾರಲ್ಲಿ ಅದು ಕಷ್ಟ. ಐದು ಬಾಗಿಲಿನ ಜಿಮ್ನಿ, ಗೂರ್ಖಾ, ಥಾರ್ ರಾಕ್ಸ್ ಆದ್ರೆ ಸೀಟು ಮಡಚಿ ಹಲಗೆ ಹಾಕಿ ಅಳೆದು ನೋಡ್ಬಹುದು. ಡೀಲರ್ ಹತ್ರ ನೀನೇ ಹಿಂದೆ ಹತ್ತಿ ಮಲಗಿ ನೋಡು, ನಾಚ್ಕೋಬೇಡ. ಮಲಗಿಸೋ ವಿಷಯಕ್ಕೆ ನಮ್ಮ ಪಿಕಪ್ಪನ್ನ ಮೀರಿದ್ದು ಇಲ್ಲ. ಹಾಸಿಗೆ ಹಾಕಿ ಮೇಲೆ ಟಾರ್ಪಾಲು ಕಟ್ಟಿದ್ರೆ ಆಯ್ತು.

ನಾನು: ಪಿಕಪ್ಪಿಗೆ ಫೋರ್ ವೀಲ್ ಇರಲ್ವಲ್ಲ.

ದೊಡ್ಡಪ್ಪ: ಇಲ್ಲಿ ಓಡೋ ಪಿಕಪ್ಪುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. ಆದ್ರೂ ಜೂನ್, ಜುಲೈಯಲ್ಲಿ ಅವು ತೋಟದೊಳಗೆ ಹತ್ತಿ ಇಳಿಯೋದನ್ನ ನೋಡಿಲ್ವಾ? ಹಿಂದಿನ ಎರಡು ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿರ್ತಾರೆ. ಜಾರೋ ಕೆಂಪು ಮಣ್ಣಲ್ಲಿ ಬೋಳು ಟೈರಿನ ಫೋರ್ ವೀಲಿಗಿಂತ ಚೈನು ಹಾಕಿದ ಟೂ ವೀಲು ಎಷ್ಟೋ ವಾಸಿ. ಆದ್ರೆ ಟಾರು ಸಿಕ್ಕಿದ ಕೂಡಲೇ ಚೈನು ಬಿಚ್ಚಬೇಕು, ಇಲ್ಲಾಂದ್ರೆ ಟೈರೂ ಹಾಳು, ರಸ್ತೆಯೂ ಹಾಳು.

ನಾನು: ಹಾಗಾದ್ರೆ ಫೋರ್ ವೀಲಿಗೆ ದುಡ್ಡು ಹಾಕೋದು ದಂಡವಾ?

ದೊಡ್ಡಪ್ಪ: ಹಾಗೆ ಹೇಳಲಿಲ್ಲ. ನಿಮ್ಮ ಏರಿಗೆ ಫೋರ್ ವೀಲು ಬೇಕು, ಅದಕ್ಕಿಂತ ಹೆಚ್ಚಾಗಿ ಲೋ ಗೇರು ಬೇಕು. ಈಗ ಪೇಟೆಗೆ ಅಂತ ಮಾಡೋ ಕೆಲವು ಗಾಡೀಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತೆ, ಆದ್ರೆ ಲೋ ಗೇರಿರಲ್ಲ. ಗೇರ್ ಲಿವರಿನ ಹತ್ರ ‘4ಎಲ್’ ಅನ್ನೋ ಗುರುತು ಇದೆಯಾ ಅಂತ ನೋಡು. ನೀ ಹೇಳಿದ ಮೂರರಲ್ಲೂ ಅದು ಸಿಗುತ್ತೆ. ಥಾರಲ್ಲಿ ಟೂ ವೀಲಿಂದೂ ಮಾರ್ತಾರೆ, ನೋಡಿ ತಗೋ. ಲೋ ಗೇರಲ್ಲಿ ಗಾಡಿ ಮನುಷ್ಯ ನಡೆಯೋ ವೇಗಕ್ಕೆ ಹೋಗುತ್ತೆ. ಏರು ಹತ್ತೋಕೆ ಮಾತ್ರ ಅಲ್ಲ, ಇಳಿಯೋಕೆ ಅದು ಬೇಕು. ಕೆಸರಿನ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಚಕ್ರ ನಿಲ್ಲುತ್ತೆ, ಗಾಡಿ ಜಾರುತ್ತೆ. ಲೋ ಫಸ್ಟಿಗೆ ಹಾಕಿ, ಕ್ಲಚ್ ಮೇಲಿನ ಕಾಲು ತೆಗೆದುಬಿಡು. ಎಂಜಿನ್ನೇ ಗಾಡೀನ ಹಿಡ್ಕೊಂಡು ಇಳಿಸುತ್ತೆ.

ನಾನು: ಫೋರ್ ವೀಲ್ ಹಾಕಿದ್ರೂ ಕೆಲವು ಸಲ ಜೀಪು ಹೂತು ನಿಲ್ಲುತ್ತಲ್ಲ, ಯಾಕೆ?

ದೊಡ್ಡಪ್ಪ: ಒಳ್ಳೇ ಪ್ರಶ್ನೆ. ಇಲ್ಲಿ ಬಗ್ಗಿ ನೋಡು. ಈ ಗುಂಡಗೆ ಊದಿಕೊಂಡಿದೆಯಲ್ಲ, ಇದರೊಳಗೆ ಡಿಫರೆನ್ಷಿಯಲ್ ಇದೆ. ತಿರುವಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಮಾಡಿಕೊಡೋದು ಇದರ ಕೆಲಸ. ಆದ್ರೆ ಒಂದು ಚಕ್ರ ಗುಂಡಿ ಮೇಲೆ ತೂಗಾಡ್ತಿದ್ರೆ ಸುತ್ತೆಲ್ಲ ಅದಕ್ಕೇ ಹೋಗುತ್ತೆ, ನೆಲದಲ್ಲಿರೋ ಚಕ್ರ ಸುಮ್ನೆ ನಿಲ್ಲುತ್ತೆ. ಮುಂದೊಂದು ಹಿಂದೊಂದು ಎದುರುಬದುರಾಗಿ ಎದ್ದರೆ ಫೋರ್ ವೀಲೂ ಅಷ್ಟೇ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಲಾಕ್ ಇದೆ, ಹಾಕಿದ್ರೆ ಎರಡು ಚಕ್ರನೂ ಒಟ್ಟಿಗೇ ಸುತ್ತುತ್ತೆ. ಲಾಕ್ ಇಲ್ದೇ ಇದ್ರೆ ಗುಂಡಿಗೆ ಕಲ್ಲು ತುಂಬಿಸಿ ಹೋಗು. ನನ್ನ ಜೀಪಿಗೆ ಲಾಕ್ ಇಲ್ಲ. ಅದಕ್ಕೇ ಹಿಂದೆ ಗುದ್ದಲಿ ಇದೆ.

ಅವರು ಗ್ರೀಸ್ ಗನ್ನಿನ ಮೂತಿಯನ್ನು ಒಂದು ನಿಪ್ಪಲ್ಲಿಗೆ ಕೊಟ್ಟು ಒತ್ತತೊಡಗಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಜಾಯಿಂಟಿನ ಸಂದಿನಿಂದ ಕಪ್ಪಗೆ, ಕೆಂಪು ಮಣ್ಣು ಬೆರೆತ ಹಳೇ ಗ್ರೀಸು ಹುಳದ ಹಾಗೆ ಹೊರಗೆ ಬಂತು. ಅವರು ಒತ್ತುತ್ತಲೇ ಇದ್ದರು. ಕೊನೆಗೆ ಜೇನಿನ ಬಣ್ಣದ ಹೊಸ ಗ್ರೀಸು ಇಣುಕಿತು. ಅದನ್ನು ಕಂಡ ಮೇಲೆಯೇ ಗನ್ನು ತೆಗೆದು, ಬಟ್ಟೆಯಲ್ಲಿ ಒರೆಸಿ, ಮುಂದಿನ ನಿಪ್ಪಲ್ಲಿಗೆ ಕೈ ಹಾಕಿದರು.

ದೊಡ್ಡಪ್ಪ: ಹಳೇದು ಪೂರ್ತಿ ಹೊರಗೆ ಬರೋವರೆಗೆ ಒತ್ತಬೇಕು. ಎರಡು ಸಲ ಒತ್ತಿ ಆಯ್ತು ಅನ್ನೋರ ಗಾಡೀಲಿ ಒಳಗೆ ನೀರು, ಮಣ್ಣು ಹಾಗೇ ಉಳಿದಿರುತ್ತೆ. ಮಳೆಗಾಲದಲ್ಲಿ ಯಾವತ್ತೋ ಒಂದು ರಾತ್ರಿ ಈ ಜಾಯಿಂಟಿನ ಕ್ರಾಸು ಕಟ್ಟಾಗುತ್ತೆ. ರಾತ್ರಿ ಎರಡು ಗಂಟೆಗೆ ಸ್ಟಾರ್ಟ್ ಆಗೋ ಜೀಪು ತಯಾರಾಗೋದು ಮೇ ತಿಂಗಳ ಹಗಲಲ್ಲಿ.

ನಾನು: ಹೊಸ ಗಾಡಿಗೆ ಇಷ್ಟೆಲ್ಲ ಕೆಲಸ ಇರಲ್ವಲ್ಲ?

ದೊಡ್ಡಪ್ಪ: ಗ್ರೀಸಿನ ಕೆಲಸ ಕಡಿಮೆ, ಬೇರೆ ಕೆಲಸ ಇದೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂತಲ್ಲ, ಆಮೇಲಿನ ಡೀಸೆಲ್ ಗಾಡಿಗಳ ಹೊಗೆ ಕೊಳವೇಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಹಿಡಿದ ಮಸಿ ಉರಿದುಹೋಗ್ಬೇಕು ಅಂದ್ರೆ ಎಂಜಿನ್ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡ್ಬೇಕು. ನಮ್ಮ ಗಾಡಿ ಏನು ಮಾಡುತ್ತೆ? ಲೋ ಗೇರಲ್ಲಿ ನಾಲ್ಕು ಕಿಲೋಮೀಟರ್ ಬಂದು ನಿಲ್ಲುತ್ತೆ. ಹೀಗೇ ತಿಂಗಳುಗಟ್ಟಲೆ ಮಾಡಿದ್ರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ, ದೀಪ ಹತ್ತುತ್ತೆ, ಎಂಜಿನ್ ತಾನಾಗೇ ಶಕ್ತಿ ಕಡಿಮೆ ಮಾಡ್ಕೊಳ್ಳುತ್ತೆ. ಅದು ನಿನಗೆ ಗೊತ್ತಾಗೋದು ಅವಸರದ ದಿನಾನೇ. ಡೀಸೆಲ್ ತಗೊಂಡ್ರೆ ವಾರಕ್ಕೊಮ್ಮೆ ಕೊಪ್ಪಕ್ಕೋ ಮೂಡಿಗೆರೆಗೋ ಒಂದು ಓಟ ಓಡಿಸ್ತೀನಿ ಅಂತ ಮನಸ್ಸಲ್ಲಿಟ್ಕೊಂಡು ತಗೋ. ಪೆಟ್ರೋಲಾದ್ರೆ ಆ ತಾಪತ್ರಯ ಇಲ್ಲ.

ನಾನು: ನಿಮ್ಮ ಜೀಪಿಗೆ ಕಂಪ್ಯೂಟರ್ರೂ ಇಲ್ಲ, ಫಿಲ್ಟರ್ರೂ ಇಲ್ಲ. ಇಂಥದ್ದನ್ನೇ ಹುಡುಕಿ ತಗೊಂಡ್ರೆ?

ದೊಡ್ಡಪ್ಪ: ಇದರ ಮೇಲೆ ನನಗೆ ಪ್ರೀತಿ ಇದೆ, ಸುಳ್ಳು ಹೇಳಲ್ಲ. ಮಹೀಂದ್ರದವರು 1940ರ ದಶಕದ ಕೊನೇಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದ್ರು. ಆ ವಂಶದ್ದೇ ಇದು, ಪ್ಯೂಜೋ ಡೀಸೆಲ್ ಎಂಜಿನ್ನು. ಹೀಟರ್ ಹಾಕಿ ಹತ್ತು ಹದಿನೈದು ಎಣಿಸಿ ಸೆಲ್ಫ್ ಹೊಡೆದ್ರೆ ಎದ್ದು ಕೂರುತ್ತೆ. ಬ್ಯಾಟರಿ ಸತ್ತರೂ ಇಳಿಜಾರಲ್ಲಿ ಬಿಟ್ಟು ಸೆಕೆಂಡ್ ಗೇರಿಗೆ ಹಾಕಿ ಸ್ಟಾರ್ಟ್ ಮಾಡ್ಬಹುದು. ನಮ್ಮ ಕಡೆಯವರು ಜೀಪನ್ನ ಇಳಿಜಾರಲ್ಲಿ, ಮೂತಿ ದಾರಿ ಕಡೆಗೆ ಮಾಡಿ ನಿಲ್ಲಿಸೋದು ಅದಕ್ಕೇ. ಆದ್ರೆ ಇದಕ್ಕೆ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಹಿಂದೆ ಕೂತವರಿಗೆ ಬೆಲ್ಟಿಲ್ಲ. ಕಾಯಿಲೆಯವರನ್ನ ಚಿಕ್ಕಮಗಳೂರಿಗೋ ಮಣಿಪಾಲಕ್ಕೋ ಒಯ್ಯೋಕೆ ನಾನು ಇದನ್ನ ಶಿಫಾರಸು ಮಾಡಲ್ಲ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಣ ಆಗ್ಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ ಮತ್ತೆ. ಕಾಗದಪತ್ರ ಸರಿ ಇಲ್ಲದ ಜೀಪು ಅಗ್ಗಕ್ಕೆ ಸಿಗುತ್ತೆ ಅಂತ ತಗೊಂಡೀಯ. ಅಪಘಾತ ಆದ್ರೆ ಇನ್ಶೂರೆನ್ಸ್ ಸಿಗಲ್ಲ, ಗೊತ್ತಿರಲಿ. ಹೊಸದೋ ಹಳೇದೋ ಅನ್ನೋದಕ್ಕಿಂತ, ಇಲ್ಲಿ ಅದನ್ನ ರಿಪೇರಿ ಮಾಡೋರು ಯಾರು, ಸಾಮಾನು ಎಲ್ಲಿ ಸಿಗುತ್ತೆ ಅಂತ ಕೇಳು. ಸಾಮಾನು ಬೆಂಗಳೂರಿಂದ ಬರ್ಬೇಕು ಅಂದ್ರೆ, ಮಳೆಗಾಲದಲ್ಲಿ ಎಷ್ಟು ದಿನ ಗಾಡಿ ನಿಲ್ಲಿಸ್ಕೊಂಡು ಕೂರ್ತೀಯ?

ನಾನು: ಕೆಲವರು ದೊಡ್ಡ ಟೈರ್ ಹಾಕಿಸಿ, ಗಾಡಿ ಎತ್ತರ ಮಾಡಿಸ್ತಾರಲ್ಲ?

ದೊಡ್ಡಪ್ಪ: ಬೇಡ. ಆಕ್ಸಲ್ಲಿಗೆ ಭಾರ, ಸ್ಟೇರಿಂಗಿಗೆ ಭಾರ, ತಿರುವಲ್ಲಿ ಮಗುಚೋ ಭಯ. ಆರ್‌ಸಿಯಲ್ಲಿ ಇದ್ದಂತೆ ಗಾಡಿ ಇರ್ಬೇಕು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. ಕಂಪನಿ ಹೇಳಿದ ಅಳತೆಯ ಟೈರೇ, ಹಲ್ಲು ಚೆನ್ನಾಗಿರೋದು ಹಾಕ್ಸು. ಸಾಕು.

ನಾನು: ಈಗ ನನಗೆ ಭಯ ಇರೋ ವಿಷಯಕ್ಕೆ ಬರ್ತೀನಿ. ಹಳ್ಳ. ಥಾರ್ 650 ಮಿಲಿಮೀಟರ್ ನೀರಲ್ಲಿ ಹೋಗುತ್ತೆ, ಗೂರ್ಖಾ 700 ಅಂತ ಕ್ಯಾಟಲಾಗಲ್ಲಿದೆ. ನಮ್ಮ ಹಳ್ಳ ಮಳೆಗಾಲದಲ್ಲಿ ಮೊಣಕಾಲಿನ ಮೇಲೆ ಬರುತ್ತೆ. ಅಂದ್ರೆ ದಾಟ್ಬಹುದು ಅಲ್ವಾ?

ದೊಡ್ಡಪ್ಪ ಜೀಪಿನ ಕೆಳಗಿನಿಂದ ಹೊರಗೆ ಬಂದರು. ಕೈ ಒರೆಸಿಕೊಂಡು ಬಂಪರಿನ ಮೇಲೆ ಕೂತರು.

ದೊಡ್ಡಪ್ಪ: ಇದನ್ನ ಸರಿಯಾಗಿ ಕೇಳಿಸ್ಕೊ. ಆ ಲೆಕ್ಕ ನಿಂತ ನೀರಿಗೆ. ಕೆರೆ ಥರ ನಿಂತ ನೀರಲ್ಲಿ, ಕೆಳಗೆ ಗಟ್ಟಿ ನೆಲ ಇದ್ದಾಗ, ಎಂಜಿನ್ನಿಗೆ ನೀರು ಹೋಗದೆ ಇಷ್ಟು ಆಳ ದಾಟ್ಬಹುದು ಅನ್ನೋ ಮಾತು ಅದು. ಹರಿಯೋ ನೀರಿನ ಮಾತಲ್ಲ. ಓಡೋ ನೀರು 30 ಸೆಂಟಿಮೀಟರ್ ಇದ್ರೆ ಸಣ್ಣ ಕಾರನ್ನ ತಳ್ಳುತ್ತೆ. 60 ಸೆಂಟಿಮೀಟರ್ ಆದ್ರೆ ದೊಡ್ಡ ಜೀಪನ್ನೂ ಒಯ್ಯಬಲ್ಲದು.

ನಾನು: ಒಂದೂವರೆ ಟನ್ನಿನ ಗಾಡೀನಾ?

ದೊಡ್ಡಪ್ಪ: ದೋಣಿಗೆ ಭಾರ ಇಲ್ವಾ? ಲೆಕ್ಕ ಹಾಕು. ಗಾಡಿ ಮೂರೂವರೆ ಮೀಟರ್ ಉದ್ದ, ಒಂದೂಮುಕ್ಕಾಲು ಮೀಟರ್ ಅಗಲ. ತಳದಿಂದ ಮೇಲೆ 30 ಸೆಂಟಿಮೀಟರ್ ನೀರು ಏರಿತು ಅಂದ್ಕೊ, ಒಳಗೆ ನೀರು ನುಗ್ಗದೇ ಇದ್ರೆ ಹೆಚ್ಚುಕಡಿಮೆ 1,800 ಲೀಟರ್ ನೀರಿನ ಜಾಗ ಅದು ಹಿಡ್ಕೊಳ್ಳುತ್ತೆ. ಅಷ್ಟು ಕಿಲೋ ಭಾರವನ್ನ ನೀರು ಮೇಲಕ್ಕೆ ಎತ್ತುತ್ತೆ. ಬಾಗಿಲಿಗೆ ಒಳ್ಳೇ ರಬ್ಬರ್ ಇರೋ ಹೊಸ ಗಾಡಿ ಬೇಗ ತೇಲುತ್ತೆ. ನನ್ನ ಜೀಪಿನ ನೆಲದಲ್ಲಿ ತೂತಿದೆ, ನೀರು ಒಳಗೆ ಬರುತ್ತೆ, ಗಾಡಿ ನೆಲಕ್ಕೆ ಕೂರುತ್ತೆ. ಚಕ್ರ ನೆಲ ಬಿಟ್ಟ ಮೇಲೆ ಫೋರ್ ವೀಲೂ ಇಲ್ಲ, ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ನಾನು: ಮತ್ತೆ ನೀವು ಹೋದ ವರ್ಷ ದಾಟಿದ್ರಲ್ಲ?

ದೊಡ್ಡಪ್ಪ: ನಾನು ದಾಟೋ ಮೊದಲು ಏನು ಮಾಡ್ದೆ, ನೋಡಿದ್ಯಾ? ಟಾರ್ಚು, ಕೋಲು ಹಿಡ್ಕೊಂಡು ನಡೆದು ಹೋಗಿ ಬಂದೆ. ನೀರು ಮೊಣಕಾಲಿನ ಕೆಳಗಿತ್ತು, ಕಾಲಿಗೆ ಕಲ್ಲು ಸಿಕ್ತಿತ್ತು. ಕೆಂಪು ನೀರಲ್ಲಿ ತಳ ಕಾಣಲ್ಲ, ನೆನ್ನೆ ಇದ್ದ ದಾರಿ ಇವತ್ತು ಕೊರೆದುಹೋಗಿರ್ಬಹುದು. ಕೋಲು ಊರಿ ನಡೆಯೋಕಾಗದ ನೀರಿಗೆ ಗಾಡಿ ಇಳಿಸ್ಬಾರ್ದು. ಮೊಣಕಾಲು ದಾಟಿದ್ರೆ ನಡೆದು ನೋಡೋಕೂ ಇಳಿಬಾರ್ದು. ಆವತ್ತು ನೀರು ಒಂದು ಗೇಣು ಹೆಚ್ಚಿದ್ದಿದ್ರೆ ನಿಮ್ಮಮ್ಮನ್ನ ಕಾಲುಸಂಕದ ಮೇಲೆ ಕುರ್ಚೀಲಿ ಕೂರಿಸಿ ಹೊತ್ಕೊಂಡು ದಾಟಿಸಿ, ಆಚೆ ಕಡೆಗೆ ಬೇರೆ ಜೀಪು ಕರೆಸ್ತಿದ್ದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು.

ದೊಡ್ಡಪ್ಪ: ನಿನಗೆ ಏಳೆಂಟು ವರ್ಷ ಇದ್ದಾಗ ಇದೇ ಹಳ್ಳದಲ್ಲಿ ಇದೇ ಜೀಪು ನಿಲ್ಲಿಸ್ಕೊಂಡಿದ್ದೆ. ಡೀಸೆಲ್ಲು, ಏನೂ ಆಗಲ್ಲ ಅಂತ ಜೋರಾಗಿ ನುಗ್ಗಿಸಿದೆ. ನೀರು ಬಾನೆಟ್ ಮೇಲೆ ಬಂತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಅದಕ್ಕೆ ಪೆಟ್ರೋಲ್ ಜೀಪಿನ ಹಾಗೆ ವೈರು ಒದ್ದೆಯಾಗಿ ನಿಲ್ಲಲ್ಲ, ನಿಜ. ಆದ್ರೆ ಅದೂ ಗಾಳಿ ಎಳೀಬೇಕಲ್ಲ? ಗಾಳಿ ಎಳೆಯೋ ಬಾಯಲ್ಲಿ ನೀರು ಎಳೀತು, ನಿಂತಿತು. ಅಲ್ಲಿಗೆ ಬಿಟ್ಟಿದ್ರೆ ಉಳೀತಿತ್ತು. ಗಾಬರೀಲಿ ಮತ್ತೆ ಸೆಲ್ಫ್ ಹೊಡೆದೆ. ಗಾಳಿ ಒತ್ತಿದ್ರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಹೋಗೋಕೆ ಜಾಗ ಇಲ್ದೆ ಕನೆಕ್ಟಿಂಗ್ ರಾಡು ಬಾಗಿತು. ಎಂಜಿನ್ ಪೂರ್ತಿ ಬಿಚ್ಚಬೇಕಾಯ್ತು. ಆ ವರ್ಷದ ಮೆಣಸಿನ ದುಡ್ಡೆಲ್ಲ ಅದಕ್ಕೇ ಹೋಯ್ತು.

ನಾನು: ಹಾಗಾದ್ರೆ ನೀರಲ್ಲಿ ನಿಂತ ಗಾಡೀನ ಏನು ಮಾಡ್ಬೇಕು?

ದೊಡ್ಡಪ್ಪ: ಮೊದಲು ಜನ ಇಳಿದು ದಡ ಸೇರ್ಬೇಕು. ಗಾಡಿ ಆಮೇಲೆ. ಸೆಲ್ಫ್ ಮುಟ್ಟಬಾರ್ದು. ನೀರು ಇಳಿದ ಮೇಲೆ ಎಳೆದು ತಂದು, ಏರ್ ಫಿಲ್ಟರ್ ಬಿಚ್ಚಿ ಒದ್ದೆಯಾಗಿದೆಯಾ ನೋಡ್ಬೇಕು. ಒದ್ದೆ ಇದ್ರೆ ಮೆಕ್ಯಾನಿಕ್ ಬಂದು ಸಿಲಿಂಡರ್ ನೀರು ತೆಗೆಯೋವರೆಗೆ ಸ್ಟಾರ್ಟ್ ಮಾಡೋ ಮಾತೇ ಇಲ್ಲ. ನೀರಲ್ಲಿ ನಿಂತ ಎಂಜಿನ್ನಿಗೆ ಮಾಮೂಲಿ ಇನ್ಶೂರೆನ್ಸ್‌ನಲ್ಲಿ ದುಡ್ಡು ಸಿಗೋದು ಕಷ್ಟ. ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆಯಾಗಿ ಸೇರಿಸ್ಕೋಬೇಕು. ಹೊಸದು ತಗೊಂಡ್ರೆ ಅದನ್ನ ಬಿಡಬೇಡ. ದಾಟೋದಾದ್ರೆ ನಿಧಾನಕ್ಕೆ, ಲೋ ಗೇರಲ್ಲಿ, ಮಧ್ಯದಲ್ಲಿ ಗೇರ್ ಬದಲಿಸದೆ ದಾಟು. ದಾಟಿದ ಮೇಲೆ ಬ್ರೇಕನ್ನ ಸಣ್ಣಗೆ ಒತ್ತಿಕೊಂಡು ನಾಲ್ಕು ಮಾರು ಹೋಗು, ಒದ್ದೆ ಬ್ರೇಕು ಒಣಗುತ್ತೆ.

ನಾನು: ಮನೆಗೆ ಬಂದ ಮೇಲೆ ಏನಾದರೂ ನೋಡ್ಬೇಕಾ?

ದೊಡ್ಡಪ್ಪ: ಆಳದ ನೀರಿಗೆ ಇಳಿದಿದ್ರೆ ಡಿಫರೆನ್ಷಿಯಲ್ ಆಯಿಲ್ಲು ನೋಡ್ಲೇಬೇಕು. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದ್ರೆ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ತೂತಿಂದ ನೀರು ಒಳಗೆ ಎಳ್ಕೊಳ್ಳುತ್ತೆ. ಬೋಲ್ಟ್ ಸಡಿಲಿಸಿ ಸ್ವಲ್ಪ ಆಯಿಲ್ ಇಳಿಸು. ಹಾಲು ಹಾಕಿದ ಚಹಾದ ಬಣ್ಣ ಇದ್ರೆ ನೀರು ಸೇರಿದೆ ಅಂತ ಅರ್ಥ. ಪೂರ್ತಿ ಬದಲಿಸು. ಬಿಟ್ಟರೆ ಬೇರಿಂಗು, ಹಲ್ಲು ಎಲ್ಲ ತುಕ್ಕು.

ಆಮೇಲೆ ಅವರು ಒಂದೊಂದೇ ಹೇಳುತ್ತ ಹೋದರು, ನಾನು ಕ್ಯಾಟಲಾಗಿನ ಹಿಂಬದಿಯಲ್ಲಿ ಬರೆದುಕೊಂಡೆ. ಡೀಸೆಲ್ ಫಿಲ್ಟರಿನ ಕೆಳಗೆ ಕೂತ ನೀರನ್ನು ಆಗಾಗ ಬಿಡುವುದು. ಮಳೆಗಾಲದಲ್ಲಿ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು, ರಸ್ತೆ ಕಡಿದರೆ ಬಂಕಿಗೆ ಲಾರಿ ಬರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಫೋರ್ ವೀಲಿಗೆ ಹಾಕಿ ಸ್ವಲ್ಪ ದೂರ ಓಡಿಸುವುದು. ವರ್ಷಗಟ್ಟಲೆ ಮುಟ್ಟದ ಲಿವರು ಬೇಕಾದ ದಿನ ಅಲ್ಲಾಡುವುದಿಲ್ಲ. ಆದರೆ ಒಣ ಟಾರಿನ ಮೇಲೆ ಈ ಬಗೆಯ ಫೋರ್ ವೀಲು ಹಾಕಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ಸುತ್ತು ಸುತ್ತಬೇಕಾಗಿ ಗೇರುಗಳು ಬಿಗಿದುಕೊಳ್ಳುತ್ತವೆ. ವೈಪರ್ ರಬ್ಬರು ಮಳೆಗೆ ಮೊದಲೇ ಹೊಸದು. ವಾರಗಟ್ಟಲೆ ನಿಂತ ಗಾಡಿಯ ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿ ವೈರು ಕಡಿದಿದೆಯೇ ಎಂದು ನೋಡುವುದು. ಈ ಕೊನೆಯದನ್ನು ಅವರು ಎರಡು ಸಲ ಹೇಳಿದರು.

ನಾನು: ಹಿಂದೆ ಇಷ್ಟೊಂದು ಸಾಮಾನು ಇಟ್ಟಿದ್ದೀರಲ್ಲ, ಎಲ್ಲ ಬೇಕಾ?

ದೊಡ್ಡಪ್ಪ: ಕತ್ತಿ, ಗರಗಸ, ಗುದ್ದಲಿ, ಹಾರೆ. ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದ ಮರದ್ದೇ ಮುಖ್ಯ ಕೆಲಸ, ಹಳ್ಳ ಆಮೇಲೆ. ಆದ್ರೆ ಕರೆಂಟ್ ತಂತಿ ಎಳ್ಕೊಂಡು ಬಿದ್ದ ಮರ ಮುಟ್ಟಬೇಡ, ಲೈನ್‌ಮ್ಯಾನ್ ಬರಲಿ. ಈ ದಪ್ಪ ಹಲಗೆ ಜಾಕಿನ ಕೆಳಗಿಡೋಕೆ, ಇಲ್ದಿದ್ರೆ ಕೆಸರಲ್ಲಿ ಗಾಡಿ ಏಳೋ ಬದಲು ಜಾಕು ಇಳಿಯುತ್ತೆ. ಟಾರ್ಪಾಲು, ಕಂಬಳಿ, ಎರಡು ಟಾರ್ಚು. ಗೋಣಿಚೀಲ ಎರಡು ಕೆಲಸಕ್ಕೆ. ಚಕ್ರ ಹೂತರೆ ಅಡಿಗೆ ಹಾಕೋಕೆ. ಇನ್ನೊಂದು, ಹಗ್ಗದ ಮೇಲೆ ಹಾಕೋಕೆ.

ನಾನು: ಹಗ್ಗದ ಮೇಲಾ?

ದೊಡ್ಡಪ್ಪ: ಹೂತ ಗಾಡೀನ ಎಳೆಯುವಾಗ ಹಗ್ಗವೋ ಕೇಬಲ್ಲೋ ತುಂಡಾದ್ರೆ ಚಾಟಿ ಥರ ಬಡಿಯುತ್ತೆ, ಪ್ರಾಣ ಹೋಗುತ್ತೆ. ಮಧ್ಯದಲ್ಲಿ ಒದ್ದೆ ಗೋಣಿ ಹೊದಿಸಿದ್ರೆ ಹಾರೋ ಹಗ್ಗಾನ ಅದು ಕೆಳಕ್ಕೆ ಎಳೆಯುತ್ತೆ. ಕೊಕ್ಕೇನ ಚಾಸಿಗೆ ಸೇರಿದ ಹುಕ್ಕಿಗೇ ಹಾಕ್ಬೇಕು, ಬಂಪರಿಗಲ್ಲ. ಎಳೆಯುವಾಗ ಸುತ್ತ ಯಾರೂ ನಿಲ್ಲಬಾರ್ದು. ಫೋನ್ ಹಿಡ್ಕೊಂಡು ವೀಡಿಯೋ ಮಾಡೋಕೆ ಬರೋ ಹುಡುಗರನ್ನ ಮೊದಲು ದೂರ ಕಳ್ಸು.

ಮಧ್ಯಾಹ್ನವಾಗಿತ್ತು. ದೂರದಲ್ಲಿ ಗುಡುಗು. ಒಳಗೆ ಹೋಗಿ ದೊಡ್ಡಪ್ಪ ಒಂದು ಪುಸ್ತಕ ತಂದರು, ಅವರ ಮಳೆ ಪುಸ್ತಕ. ತೋಟದವರು ಬರೆದಿಡುವಂತೆ ದಿನದಿನದ ಮಳೆ, ಇಂಚು ಸೆಂಟುಗಳಲ್ಲಿ.

ದೊಡ್ಡಪ್ಪ: 2019ರ ಆಗಸ್ಟ್ ಪುಟ ನೋಡು. ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದಿದ್ದು, ಚಾರ್ಮಾಡಿ ಘಾಟಿ ಮುಚ್ಚಿದ್ದು ಆವಾಗ್ಲೇ. ಅದರ ಹಿಂದಿನ ವರ್ಷ ಆಗಸ್ಟಲ್ಲಿ ಕೊಡಗಲ್ಲಿ, ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ. ಅಲ್ಲಿ ಜೀಪು ಇಲ್ಲದ ತೋಟದ ಮನೆ ಎಷ್ಟಿದ್ವು ಹೇಳು? ಜೀಪಿತ್ತು, ಓಡೋಕೆ ರಸ್ತೆನೇ ಇರಲಿಲ್ಲ. 2024ರ ಜುಲೈನಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಸೇತುವೆ ಕೊಚ್ಚಿಹೋದಾಗ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿ ಬೈಲಿ ಸೇತುವೆ ಕಟ್ಟಿದ ಮೇಲೇ ಆಚೆ ಕಡೆಗೆ ಗಾಡಿ ಹೋಗಿದ್ದು. ನಮ್ಮ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿದ್ದನ್ನ ನೀನೇ ಎಷ್ಟು ಸಲ ನೋಡಿಲ್ಲ? ಅದಕ್ಕೇ ಹೇಳೋದು, ಗುಡ್ಡ ಇಳಿದ ಮೇಲೆ ಯಾವ ಗಾಡಿಯೂ ಕೆಲಸಕ್ಕೆ ಬರಲ್ಲ. ಗಾಡಿ ಉಪಯೋಗಕ್ಕೆ ಬರೋದು ಅದಕ್ಕೆ ಹಿಂದಿನ ಸಂಜೆ.

ನಾನು: ಹಿಂದಿನ ಸಂಜೆ ಯಾವುದು ಅಂತ ಗೊತ್ತಾಗೋದು ಹೇಗೆ?

ದೊಡ್ಡಪ್ಪ: ಗೊತ್ತಾಗಲ್ಲ. ಅದಕ್ಕೆ ಒಂದು ಕಟ್ಟು ಹಾಕ್ಕೋಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೇಲಿ 204.5 ಮಿಲಿಮೀಟರ್ ದಾಟಿದ್ರೆ ಅದು ಅತ್ಯಂತ ಭಾರೀ ಮಳೆ. ನಮ್ಮ ಲೆಕ್ಕದಲ್ಲಿ 8 ಇಂಚು. ರೆಡ್ ಅಲರ್ಟ್ ಬಂತೋ, ಇಲ್ಲಾ ನನ್ನ ಮಳೆ ಅಳತೇಲಿ ಒಂದೇ ದಿನ 8 ಇಂಚು ಕಂಡಿತೋ, ಬೆಳಕಿರೋವಾಗಲೇ ನಿಮ್ಮಮ್ಮನ್ನ ಕಳಸದಲ್ಲಿ ನೆಂಟರ ಮನೆಗೆ ಬಿಟ್ಟು ಬರೋದು. ಧರೆ ಮೇಲೆ ಹೊಸ ಬಿರುಕು ಕಂಡ್ರೆ, ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗಿ ಕೆಸರು ಬಣ್ಣ ತಿರುಗಿದ್ರೆ, ಅಳತೆ ನೋಡ್ತಾ ಕೂರೋದೂ ಬೇಡ. ಏನೂ ಆಗದೆ ಮಾರನೇ ದಿನ ವಾಪಸ್ ಬಂದ್ರೆ ನಷ್ಟ ಏನು? ಎರಡು ಲೀಟರ್ ಡೀಸೆಲ್ಲು.

ನಾನು: ಅದಕ್ಕೆ ನಿಮ್ಮ ಜೀಪೇ ಸಾಕಲ್ವಾ? ಬೇರೆ ಗಾಡಿ ಯಾಕೆ?

ದೊಡ್ಡಪ್ಪ: ಆ ದಾರೀಲಿ ಏಳು ಮನೆ ಇವೆ. ಏಳು ಗಾಡಿ ಬೇಡ. ಆದ್ರೆ ಒಂದು ಸಾಲಲ್ಲ. ಇದು ಕೆಟ್ಟು ನಿಂತ ದಿನ ಇನ್ನೊಂದು ಬೇಕು, ಇದು ಹೂತರೆ ಎಳೆಯೋಕಾದ್ರೂ ಬೇಕು. ನೀನು ತಗೊಳ್ಳೋದಾದ್ರೆ ಲೋ ಗೇರ್ ಇರೋದು, ಸೀಟು ಮಡಚಿ ಒಬ್ಬರನ್ನ ಮಲಗಿಸೋಕಾಗೋದು, ಇಲ್ಲಿನ ಮೆಕ್ಯಾನಿಕ್ಕಿಗೆ ಕೈ ಪಳಗಿರೋದು ತಗೋ. ಪೆಟ್ರೋಲ್ ಜಿಮ್ನಿ ಹಗುರ, ಕೆಸರಲ್ಲಿ ಹೂಳೋದು ಕಡಿಮೆ, ಆ ತಿರುವಿಗೂ ಸರಿಯಾಗುತ್ತೆ. ಆದ್ರೆ ಹಗುರ ಅಂದ್ರೆ ನೀರಲ್ಲಿ ಬೇಗ ತೇಲುತ್ತೆ ಅಂತಾನೂ ಅರ್ಥ, ಮರೀಬೇಡ. ನನ್ನ ಕೇಳಿದ್ರೆ ನಿನ್ನ ದಾರಿಗೆ ಅದೇ ಸರಿ. ಗಾಡಿಗಿಂತ ಮುಖ್ಯದ್ದು ಇನ್ನೊಂದಿದೆ. ನನ್ನ ಜೀಪನ್ನ ಓಡಿಸೋಕೆ ನನ್ನ ಬಿಟ್ರೆ ಯಾರಿಗೆ ಬರುತ್ತೆ?

ನಾನು ಉತ್ತರ ಹೇಳಲಿಲ್ಲ. ಹೋದ ವರ್ಷ ಆ ರಾತ್ರಿ ದೊಡ್ಡಪ್ಪನೇ ಜ್ವರದಲ್ಲಿ ಮಲಗಿದ್ದಿದ್ದರೆ ಎಂಬ ಯೋಚನೆ ಅಲ್ಲಿಯವರೆಗೆ ಬಂದಿರಲಿಲ್ಲ. ಅವರು ಕೀಲಿ ನನ್ನ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು. ಹೀಟರ್ ಹಾಕಿ ಹದಿನೈದು ಎಣಿಸಿ ಸೆಲ್ಫ್ ಹೊಡೆದೆ. ಲೋ ಗೇರಿಗೆ ಹಾಕಿ ತೋಟದ ಇಳಿಜಾರಿಗೆ ಬಂದಾಗ ಬಲಗಾಲು ತಾನಾಗಿ ಬ್ರೇಕಿಗೆ ಹೋಯಿತು.

ದೊಡ್ಡಪ್ಪ: ಕಾಲು ತೆಗಿ. ಎರಡೂ ಕಾಲು ನೆಲದ ಮೇಲಿಡು. ಅದು ನಿನ್ನ ಬಿಟ್ಟು ಓಡಿಹೋಗಲ್ಲ.

ತೆಗೆದೆ. ಜೀಪು ಗುರುಗುಟ್ಟಿಕೊಂಡು, ಹೊರೆ ಹೊತ್ತವರು ಮೆಟ್ಟಿಲಿಳಿಯುವ ಹಾಗೆ ಒಂದೊಂದೇ ಹೆಜ್ಜೆ ಇಳಿಯಿತು. ಕೆಳಗೆ ಸಪಾಟು ಸಿಕ್ಕಿದ ಮೇಲೆ ನಿಲ್ಲಿಸಿ, ಸ್ಟೆಪ್ನಿ ಬಿಚ್ಚಿ ಮತ್ತೆ ಕಟ್ಟುವುದನ್ನು ಕಲಿಸಿದರು. ಹೊಸದರಂತೆ ಹೊಳೆಯುತ್ತಿದ್ದ ಆ ಟೈರಿನ ಹಲ್ಲು ಒಂದಿಷ್ಟೂ ಸವೆದಿರಲಿಲ್ಲ. ಪಕ್ಕದ ಗೋಡೆಯ ಮೇಲೆ ಮಣ್ಣು ಒರೆಸಿದಾಗ ಒಂದು ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಕಂಡವು: 1112.

ನಾನು: ಇದೇನು ದೊಡ್ಡಪ್ಪ?

ದೊಡ್ಡಪ್ಪ: ಟೈರು ತಯಾರಾದ ತಾರೀಕು. ಮೊದಲಿನ ಎರಡು ಅಂಕಿ ವಾರ, ಆಮೇಲಿನ ಎರಡು ವರ್ಷ. 2012ರ ಹನ್ನೊಂದನೇ ವಾರ.

ಹೇಳಿದ ಮೇಲೆ ಅವರೇ ಇನ್ನೊಮ್ಮೆ ಬಗ್ಗಿ ನೋಡಿದರು. ಹೆಬ್ಬೆರಳಿನಿಂದ ಟೈರಿನ ಪಕ್ಕೆಯನ್ನು ಒತ್ತಿ ಬಾಗಿಸಿದಾಗ, ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಬಾಯಿ ಬಿಟ್ಟವು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಇಡೀ ಜೀಪಿನಲ್ಲಿ ಅವರ ಕಣ್ಣು ತಪ್ಪಿಸಿಕೊಂಡಿದ್ದದ್ದು ಅದೊಂದೇ. ಮಾರನೆಯ ದಿನವೇ ಕಳಸಕ್ಕೆ ಹೋಗಿ ಹೊಸ ಸ್ಟೆಪ್ನಿ ಹಾಕಿಸಿ ಬಂದೆವು, ಜೀಪು ಓಡಿಸಿದ್ದು ನಾನು.

ನಿಮ್ಮ ಅಂಗಳದಲ್ಲೂ ಮಳೆಗಾಲಕ್ಕೆಂದು ನಂಬಿಕೊಂಡ ಒಂದು ಗಾಡಿ ನಿಂತಿರಬಹುದು. ಅದರ ಸ್ಟೆಪ್ನಿಯ ಮೇಲಿನ ಮಣ್ಣು ಒರೆಸಿ, ಆ ನಾಲ್ಕು ಅಂಕಿಗಳನ್ನು ಇವತ್ತೇ ಓದಿ.